ನೀಲಮ್ಮನವರನ್ನು ಬ್ಲ್ಯಾಕ್‌ಪೂಲಿಗೆ ಕಳಿಸಿದ್ದು

ನೀಲಮ್ಮನವರು ಇದ್ದ ಕಡೆ ಅಡುಗೆ ಹೇಗಾಗಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ಯುಗಾದಿಗೋ ಬಸವ ಜಯಂತಿಗೋ ಇಂಗ್ಲಿಷರ ನಾಡಿನಲ್ಲಿ ನಾವಿದ್ದ ಹಾರ್ಬೋರ್ನಿನ ಚರ್ಚಿನ ಹಾಲ್ ಬಾಡಿಗೆಗೆ ಹಿಡಿದು, ಮನೆಗೊಂದು ಪಾತ್ರೆಯಂತೆ ತಂದು ಉದ್ದನೆಯ ಮೇಜಿನ ಮೇಲೆ ಇಡುತ್ತಿದ್ದೆವು. ತಟ್ಟೆ ಹಿಡಿದು ಸಾಲಿನಲ್ಲಿ ಬಂದವರನ್ನು ಪಾತ್ರೆಯ ಒಡತಿ "ಹೇಗಿದೆ?" ಎಂದು ಕೇಳುವುದು, ಅವರು "ಸೂಪರ್" ಎನ್ನುವುದು, ಇದು ನಡೆದೇ ಇರುತ್ತಿತ್ತು. ನೀಲಮ್ಮನವರು ಹತ್ತಿರ ಬಂದಾಗ ಮಾತ್ರ ಎಲ್ಲರಿಗೂ ಒಳಗೆ ಏನೋ ಕೆಲಸ ನೆನಪಾಗುತ್ತಿತ್ತು.

ಒಂದು ಸಲ ಹೊಸದಾಗಿ ಬಂದಿದ್ದ ಡಾಕ್ಟರೊಬ್ಬರ ಹೆಂಡತಿ ಗೊತ್ತಿಲ್ಲದೆ ಕೇಳಿಬಿಟ್ಟಳು. ನೀಲಮ್ಮನವರು ಇನ್ನೊಂದು ತುತ್ತು ಮುರಿದು ಬಾಯಿಗೆ ಹಾಕಿಕೊಂಡು, ಪೂರ್ತಿ ಅಗಿದು ನುಂಗಿ, ಆಮೇಲೆ ಹೇಳಿದರು: "ಹೋಳಿಗಿ ಅಂತ ತಿಳದು ತಿಂದ್ರ ಬ್ಯಾಸರಾಗತೈತಿ. ಚಪಾತಿ ಅಂತ ತಿಳದು ತಿಂದ್ರ ಛಲೋ ಐತಿ."

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಕೇಳದೆ ಒಂದು ಮಾತನ್ನೂ ಆಡುವ ಹೆಂಗಸಲ್ಲ ಅವರು. ಬಸ್ಸಿನಲ್ಲಿ ಪಕ್ಕದಲ್ಲಿ ಅರ್ಧ ಗಂಟೆ ಕೂತರೂ ಸುಮ್ಮನೆ ಕಿಟಕಿ ನೋಡಿಕೊಂಡು ಇದ್ದುಬಿಡುತ್ತಿದ್ದರು. ಕೇಳಿದಿರೋ, ಮುಗಿಯಿತು. ನಾವು ಕೇಳುವಾಗ ಯಾವ ಉತ್ತರ ಬೇಕೆಂದು ಮನಸ್ಸಿನಲ್ಲಿ ಮೊದಲೇ ಇಟ್ಟುಕೊಂಡಿರುತ್ತೇವೆ. ಅದು ಅವರಿಗೆ ತಿಳಿಯುತ್ತಿರಲಿಲ್ಲವೋ, ತಿಳಿದೂ ಬೇಡವಾಗಿತ್ತೋ, ಬಹಳ ದಿನ ನನಗೆ ಗೊತ್ತಾಗಲಿಲ್ಲ.

ನಾನು ಮಗಳು ನೀರಜಾಳ ಮನೆಗೆ ಬಂದದ್ದು ತೊಂಬತ್ತೆಂಟರಲ್ಲಿ. ಅವಳೂ ಅಳಿಯನೂ ಆಸ್ಪತ್ರೆಯ ಡಾಕ್ಟರುಗಳು. ಅವರ ಕೆಲಸದ ಪಾಳಿ ಒಬ್ಬರದು ಹಗಲಾದರೆ ಇನ್ನೊಬ್ಬರದು ರಾತ್ರಿ. ಅಡುಗೆಮನೆ ನನ್ನ ಪಾಲಿಗೆ ಬಂತು. ನಾಲ್ಕು ತಿಂಗಳು ಕಳೆದ ಮೇಲೆ ಎರಡು ಬೀದಿ ಆಚೆಯ ನೀಲಮ್ಮನವರು ಒಂದು ಮಧ್ಯಾಹ್ನ ಬಂದರು. ಊಟ ಬಡಿಸಿ, ಎಲ್ಲರಂತೆ ನಾನೂ ಕೇಳಿದೆ, "ಸಾರು ಹೇಗಿದೆ?"

"ಉಪ್ಪು ಭಾಳ ಆಗೇತ್ರಿ ಅಕ್ಕಾರ. ವಯಸ್ಸಾದಮ್ಯಾಲೆ ನಾಲಿಗಿಗೆ ಉಪ್ಪು ತಿಳಿಯೂದಿಲ್ಲ. ನನಗೂ ಹಂಗ ಆಗಿತ್ತು. ಒಂದು ಅಳತಿ ಚಮಚ ಇಟಗೋರಿ."

ಸಂಜೆ ನೀರಜಾ ಬಂದಾಗ, ಹೌದೇನೇ ಎಂದು ಕೇಳಿದೆ. ಅವಳು ಗಂಡನ ಮುಖ ನೋಡಿದಳು. ಅವನು ನೀರಿನ ಲೋಟ ನೋಡಿದ. ಇಬ್ಬರೂ ದಿನವಿಡೀ ರೋಗಿಗಳಿಗೆ ಉಪ್ಪು ಕಡಿಮೆ ಮಾಡಿ ಎಂದು ಬುದ್ಧಿ ಹೇಳಿ, ಮನೆಗೆ ಬಂದು ನಾಲ್ಕು ತಿಂಗಳಿಂದ ನನ್ನ ಸಾರನ್ನು ನುಂಗುತ್ತಿದ್ದರು. "ನಿಂಗೆ ಬೇಜಾರಾಗುತ್ತೆ ಅಂತ ಅಮ್ಮ" ಅಂದಳು. ಬೇಜಾರಾಯಿತು, ಸುಳ್ಳಲ್ಲ. ಆದರೆ ಮಾರನೆಯ ದಿನದಿಂದ ಅವರು ಎರಡನೇ ಸಲ ಸಾರು ಹಾಕಿಸಿಕೊಳ್ಳುವುದು ಕಂಡು, ನಾನೇ ನೀಲಮ್ಮನವರ ಮನೆ ಹುಡುಕಿಕೊಂಡು ಹೋದೆ. ನಮ್ಮ ಸ್ನೇಹ ಅಲ್ಲಿಂದ ಶುರುವಾಯಿತು.

ಅವರು ಗದಗಿನ ಕಡೆಯವರು. ಗಂಡ ಅಡಿವೆಪ್ಪನವರು ಆಸ್ಪತ್ರೆಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುವ ಇಂಜಿನಿಯರ್ ಆಗಿದ್ದವರು, ಎರಡು ಸಾವಿರದಲ್ಲಿ ತೀರಿಕೊಂಡರು. ಅರವತ್ತೊಂಬತ್ತರಲ್ಲಿ ಗಂಡನ ಹಿಂದೆ ಬಂದ ನೀಲಮ್ಮನವರು ಅದೇ ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಇಪ್ಪತ್ತಮೂರು ವರ್ಷ ಕೆಲಸ ಮಾಡಿದರು. ಹರಿದ ಹಾಸಿಗೆ ವಸ್ತ್ರ, ರೋಗಿಗಳ ಗೌನು, ನರ್ಸುಗಳ ಅಂಗಿ ಎಲ್ಲಕ್ಕೂ ತೇಪೆ. ಯಾವ ಬಟ್ಟೆ ಕೈಗೆ ಬಂದರೂ ಮೊದಲು ತಿರುವಿ ಹಾಕಿ ಒಳಮೈ ನೋಡುವುದು ಅವರ ಅಭ್ಯಾಸ. ಹೊರಗಿನ ಹೊಲಿಗೆ ಎಲ್ಲರೂ ನೆಟ್ಟಗೆ ಹಾಕುತ್ತಾರೆ, ಒಳಗೆ ದಾರ ಎಲ್ಲಿ ಗಂಟು ಬಿದ್ದಿದೆ ಎಂಬುದನ್ನು ನೋಡಬೇಕು ಎನ್ನುತ್ತಿದ್ದರು. ನಾನು ಹೊಸ ಸೀರೆ ತೋರಿಸಿದರೂ ಅಷ್ಟೇ, ಸೆರಗು ತಿರುವಿಯೇ ನೋಡುವುದು.

ಅವರಿಗೆ ಮಕ್ಕಳಿರಲಿಲ್ಲ. ಆದರೆ ಮನೆಯಲ್ಲಿ ಒಂದು ಮಗು ಬೆಳೆದಿತ್ತು. ಅವರ ಬೀದಿಯಲ್ಲೇ ಇದ್ದ ಶಿವಪ್ಪನವರದು ಕರೆಂಟಿನ ಸಾಮಾನಿನ ಅಂಗಡಿ. ಹೆಂಡತಿ ಪ್ರಭಾವತಿಯೂ ಅಂಗಡಿಯಲ್ಲಿ ನಿಲ್ಲುತ್ತಿದ್ದಳು. ಅವರ ಒಬ್ಬನೇ ಮಗ ಶರಣ್ ಮೂರು ವರ್ಷದವನಾದಾಗಿನಿಂದ ಹೈಸ್ಕೂಲು ಮುಟ್ಟುವವರೆಗೆ ಸಂಜೆಯ ಹೊತ್ತು ನೀಲಮ್ಮನವರ ಹೊಲಿಗೆ ಯಂತ್ರದ ಪಕ್ಕದಲ್ಲೇ ಇರುತ್ತಿದ್ದ. ಮುಂದೆ ಅವನೂ ಇಂಜಿನಿಯರ್ ಆಗಿ ಕೌನ್ಸಿಲ್ಲಿನಲ್ಲಿ, ಅಂದರೆ ಇಲ್ಲಿಯ ನಗರಸಭೆಯಲ್ಲಿ, ಕೆಲಸಕ್ಕೆ ಸೇರಿದ. ಸೇತುವೆಗಳಲ್ಲಿ ಬಿರುಕು ಬಿಟ್ಟಿದೆಯೇ ಎಂದು ಪರೀಕ್ಷೆ ಮಾಡುವುದು ಅವನ ಕೆಲಸ. ಇಷ್ಟೆಲ್ಲ ಆದರೂ ಮೂವತ್ತಾಗುವವರೆಗೆ ಮದುವೆಯೊಂದು ಆಗಿರಲಿಲ್ಲ.

ಎರಡು ಸಾವಿರದ ಒಂದರಲ್ಲಿ ಲೆಸ್ಟರ್‌ನ ಒಂದು ಮನೆತನದ ಜೊತೆ ಮಾತುಕತೆ ನಡೆಯಿತು. ಹುಡುಗ ಹುಡುಗಿ ನೋಡಿಕೊಂಡರು, ಒಪ್ಪಿಗೆಯೂ ಆಯಿತು. ನಮ್ಮಲ್ಲಿ ಒಪ್ಪಿಗೆಯಾದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ಆ ಮನೆಯವರಲ್ಲದ, ಆದರೆ ಆ ಮನೆಯನ್ನು ಬಲ್ಲ ಯಾರನ್ನಾದರೂ ಗುಟ್ಟಾಗಿ ವಿಚಾರಿಸುವುದು. ಲೆಸ್ಟರಿನವರು ನೀಲಮ್ಮನವರಿಗೆ ಫೋನ್ ಮಾಡಿ ವಿಚಾರಿಸಿದರು. ಮೂರನೇ ದಿನ ಸಂಬಂಧ ಬೇಡವೆಂದರು.

ಅಲ್ಲಿಂದ ಪ್ರಭಾವತಿ ನೀಲಮ್ಮನವರ ಜೊತೆ ಮಾತು ಬಿಟ್ಟಳು. ಎದುರಿಗೆ ಸಿಕ್ಕರೆ ರಸ್ತೆ ದಾಟುತ್ತಿದ್ದಳು. ಏನು ಹೇಳಿದಿರಿ ಎಂದು ಒಂದು ಸಲವೂ ಕೇಳಲಿಲ್ಲ. ಕೇಳದ್ದಕ್ಕೆ ನೀಲಮ್ಮನವರೂ ಹೇಳಲಿಲ್ಲ. ಹೀಗೆ ಎರಡು ವರ್ಷ ಕಳೆಯಿತು. ಶರಣ್ ಮಾತ್ರ ಮೊದಲಿನ ಹಾಗೆ ಆ ಮನೆಗೆ ಹೋಗಿ ಬರುತ್ತಿದ್ದ.

ಎರಡು ಸಾವಿರದ ಮೂರರ ಜೂನ್ ತಿಂಗಳಲ್ಲಿ ಪ್ರಭಾವತಿ ನಮ್ಮ ಮನೆಗೆ ಬಂದಳು. ಧಾರವಾಡದ ಕಡೆಯವಳಾದರೂ ನನ್ನ ಹತ್ತಿರ ನಮ್ಮ ಕಡೆಯ ಕನ್ನಡವನ್ನೇ ಆಡುತ್ತಿದ್ದಳು.

"ಉಮಕ್ಕ, ಒಂದು ಉಪಕಾರ ಆಗ್ಬೇಕು. ಶನಿವಾರ ಲೀಡ್ಸಿನವರು ಬರ್ತಿದಾರೆ. ಹುಡುಗಿ ಅಪೂರ್ವ ಅಂತ, ಹಲ್ಲಿನ ಡಾಕ್ಟ್ರು. ಅವಳ ತಾಯಿ ಶಕುಂತಲಾ ಅಲ್ಲಿ ಫ್ಯಾಮಿಲಿ ಡಾಕ್ಟ್ರು. ಅಪ್ಪ ಇಲ್ಲ. ಗಂಡಿನವರು ಹೆಣ್ಣಿನ ಮನೆಗೆ ಹೋಗೋದು ಪದ್ಧತಿ ಅಂದೆ. ನನ್ನ ಮಗಳು ಬಾಳೋ ಮನೆ ಮೊದಲು ನಾನು ನೋಡ್ಬೇಕು ಅಂದ್ರು. ಆಯ್ತು ಅಂದೆ."

"ಒಳ್ಳೇದಾಯ್ತಲ್ಲ. ನಾನೇನು ಮಾಡ್ಲಿ, ಹೋಳಿಗೆಗೆ ಬರ್ಲಾ?"

"ಬೇಡ. ನೀಲಕ್ಕ ಆ ದಿನ ಊರಲ್ಲಿ ಇರಬಾರದು."

"ಎಲ್ಲಿಗೆ ಹೋಗ್ತಾರೆ ಪಾಪ?"

"ಚರ್ಚಿನ ಹಿರಿಯರ ಕ್ಲಬ್ಬಿಂದ ಬ್ಲ್ಯಾಕ್‌ಪೂಲಿಗೆ ಕೋಚ್ ಹೋಗ್ತಿದೆ, ಪ್ರವಾಸದ ಬಸ್ಸು. ಬೆಳಿಗ್ಗೆ ಎಂಟಕ್ಕೆ ಹೊರಟು ಸಮುದ್ರ ನೋಡ್ಕೊಂಡು ಸಂಜೆ ವಾಪಸ್. ನಿಮ್ಮಿಬ್ಬರ ಹೆಸರೂ ಬರೆಸಿದೀನಿ."

"ನನ್ನ ಕೇಳದೇನೇ?"

"ಕೇಳೋಕೇ ಬಂದಿದೀನಲ್ಲ."

ನಾನು ಹೂಂ ಅಂದೆ. ಎರಡನೇ ಸಲವೂ ಮುರಿದರೆ ಆ ತಾಯಿಯ ಮುಖ ನೋಡಲಾಗದು ಎಂದು ಅನಿಸಿತು. ನೀಲಮ್ಮನವರ ಮನೆಗೆ ಹೋಗಿ, ಬ್ಲ್ಯಾಕ್‌ಪೂಲ್ ನೋಡಬೇಕೆಂದು ಬಹಳ ಆಸೆ, ಒಬ್ಬಳೇ ಹೋಗಲು ಭಯ, ಜೊತೆಗೆ ಬನ್ನಿ ಎಂದೆ. ಅವರು ಸೂಜಿಗೆ ದಾರ ಪೋಣಿಸುತ್ತಿದ್ದವರು ಕನ್ನಡಕದ ಮೇಲಿನಿಂದ ನನ್ನನ್ನು ಸ್ವಲ್ಪ ಹೊತ್ತು ನೋಡಿದರು. "ಆತು" ಅಂದರು.

ಶನಿವಾರ ಕೋಚಿನಲ್ಲಿ ನಾವಿಬ್ಬರು ಬಿಟ್ಟರೆ ಎಲ್ಲ ಇಂಗ್ಲಿಷ್ ಮುದುಕ ಮುದುಕಿಯರೇ. ನೀಲಮ್ಮನವರು ಇಳಕಲ್ ಸೀರೆ, ಮೇಲೆ ಬೂದು ಕಾರ್ಡಿಗನ್, ಕಾಲಿಗೆ ಓಟದ ಬೂಟು ಹಾಕಿಕೊಂಡು ಕಿಟಕಿ ಪಕ್ಕ ಕೂತಿದ್ದರು. ತೊಡೆಯ ಮೇಲೆ ಬುತ್ತಿ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ದಾರಿಯಲ್ಲಿನ ಸ್ಟ್ಯಾಫರ್ಡ್ ಊರು ದಾಟುವವರೆಗೆ ಒಂದು ಮಾತಿಲ್ಲ. ನನಗೆ ಒಳಗೆ ಕಸಿವಿಸಿ. ಕೊನೆಗೆ ಸುಮ್ಮನಿರಲಾಗದೆ, "ಏನು ಯೋಚನೆ ಮಾಡ್ತಿದೀರಿ?" ಎಂದೆ.

"ನಿಮಗ ಸುಳ್ಳ ಹೇಳಾಕ ಬರೂದಿಲ್ಲ ಅಂತ ವಿಚಾರ ಮಾಡಾಕತ್ತೀನಿ."

ನಾನು ಚೀಲದ ಜಿಪ್ಪು ಎಳೆದು ಮುಚ್ಚಿದೆ.

"ಪ್ರಭಾವತಿ ಕಳಸ್ಯಾಳ, ಹೌದಿಲ್ಲೋ? ಶರಣಪ್ಪ ಮಂಗಳವಾರನ ಹೇಳಿದ್ದ, ಶನಿವಾರ ಲೀಡ್ಸಿನ ಮಂದಿ ಬರತಾರ ಅಂತ."

"ಗೊತ್ತಿದ್ದೂ ಯಾಕೆ ಬಂದ್ರಿ?"

"ಸಮುದ್ರ ನೋಡಬೇಕಿತ್ರಿ. ಈ ದೇಶಕ್ಕ ಬಂದು ಮೂವತ್ತನಾಕು ವರ್ಷಾತು. ಸುತ್ತ ಎಲ್ಲಾ ಸಮುದ್ರ ಐತಿ ಅಂತಾರ, ಒಬ್ಬರೂ ಕರಕೊಂಡು ಹೋಗಿಲ್ಲ. ನಮ್ಮ ಮನಿಯವರು ಬಾಯ್ಲರ್ ಬಿಟ್ಟು ಬರತಿದ್ದಿಲ್ಲ."

ಆಮೇಲೆ ಬುತ್ತಿ ಬಿಚ್ಚಿ ರೊಟ್ಟಿ ಮುರಿದು ಕೊಟ್ಟರು. ನನ್ನ ಕಸಿವಿಸಿಯೂ ಹೋಯಿತು.

ಹನ್ನೊಂದಕ್ಕೆ ಬ್ಲ್ಯಾಕ್‌ಪೂಲ್ ಮುಟ್ಟಿದೆವು. ಬಿಸಿಲು ಚೆನ್ನಾಗಿತ್ತು. ಮರಳಿನ ಮೇಲೆ ಕತ್ತೆಗಳು ಮಕ್ಕಳನ್ನು ಹೊತ್ತು ಸಾಲಾಗಿ ನಡೆಯುತ್ತಿದ್ದವು. ನೀಲಮ್ಮನವರು ಬೂಟು ಕಾಲುಚೀಲ ಕಳಚಿ ನನ್ನ ಕೈಗೆ ಕೊಟ್ಟು, ಸೀರೆ ಎತ್ತಿ ಸಿಕ್ಕಿಸಿಕೊಂಡು ನೀರಿಗೆ ಇಳಿದರು. ಮೊಣಕಾಲು ಮುಟ್ಟುವ ನೀರಿನಲ್ಲಿ ಸೊಂಟಕ್ಕೆ ಕೈ ಇಟ್ಟು ನಿಂತರು. ಆ ನೀರು ಎಷ್ಟು ತಣ್ಣಗಿರುತ್ತದೆಂದು ಕಾಲಿಟ್ಟವರಿಗೇ ಗೊತ್ತು. ಅವರು ಅಲುಗಲಿಲ್ಲ.

ಹನ್ನೊಂದೂವರೆಗೆ ನನ್ನ ಚೀಲದಲ್ಲಿ ಮೊಬೈಲ್ ಕಿರುಚಿತು. ನೀರಜಾಳ ಹಳೆಯದು. ಹಸಿರು ಗುಂಡಿ ಒತ್ತುವುದೊಂದು ನನಗೆ ಬರುತ್ತಿತ್ತು. ಪ್ರಭಾವತಿ ಪಿಸುಗುಟ್ಟುತ್ತಿದ್ದಳು.

"ಉಮಕ್ಕ, ನೀಲಕ್ಕ ಎಲ್ಲಿ?"

"ನೀರಿನಲ್ಲಿ."

"ಏನಂದ್ರಿ?"

"ಸಮುದ್ರದಲ್ಲಿ ನಿಂತಿದಾರೆ. ನೀನು ಯಾಕೆ ಪಿಸುಗುಡ್ತೀಯ?"

"ಬಾತ್‌ರೂಮಲ್ಲಿದೀನಿ. ಲೀಡ್ಸಿನವರು ಬಂದು ಕೂತಿದಾರೆ. ನೀಲಕ್ಕ ಬೇಕಂತೆ ಅವರಿಗೆ. ಅವರ ಹತ್ರ ಮಾತಾಡದೆ ಟೀ ಕೂಡ ಮುಟ್ಟಲ್ಲ ಅಂತಿದಾರೆ."

ಅಲ್ಲಿ ಏನಾಯಿತೆಂದು ಶಿವಪ್ಪನವರು ಆಮೇಲೆ ನನಗೆ ಹೇಳಿದರು. ಬಂದು ಕೂತ ಶಕುಂತಲಾ ಅವರು ಮನೆ ನೋಡಿದರು, ಚೆನ್ನಾಗಿದೆ ಅಂದರು. ಆಮೇಲೆ, "ಇಲ್ಲೇ ಹತ್ತಿರ ನೀಲಮ್ಮ ಅನ್ನೋರು ಇದ್ದಾರಂತಲ್ಲ, ಕರೀತೀರಾ?" ಎಂದು ಕೇಳಿದರು.

"ಅವರು ಪ್ರವಾಸ ಹೋಗಿದಾರೆ" ಎಂದಳು ಪ್ರಭಾವತಿ.

"ಹೌದಾ? ಯಾವಾಗ ಬರ್ತಾರೆ?"

"ಹೇಳೋಕಾಗಲ್ಲ. ವಯಸ್ಸಾದೋರು, ಎಷ್ಟು ದಿನಾನೋ ಏನೋ."

ಅಷ್ಟರಲ್ಲಿ ಟೀ ಟ್ರೇ ಹಿಡಿದು ಬಂದ ಶರಣ್ ಇಂಗ್ಲಿಷಿನಲ್ಲಿ, ಇವತ್ತು ಸಂಜೆಯೇ ಬರುತ್ತಾರಲ್ಲ ಅಮ್ಮ, ಕೋಚ್ ಬುಕ್ ಮಾಡಿದ್ದು ನೀನೇ ಅಲ್ಲವೇ ಎಂದ. ಸಹಾಯ ಮಾಡುತ್ತಿದ್ದೇನೆ ಎಂದೇ ಅವನ ಭಾವನೆ. ಶಿವಪ್ಪನವರು ಸೂರಿನ ಮೂಲೆಯಲ್ಲಿ ತೇವ ಬಂದಿದೆಯೇ ಎಂದು ನೋಡತೊಡಗಿದರಂತೆ.

ಪ್ರಭಾವತಿಗೆ ಬೇರೆ ದಾರಿ ಉಳಿಯಲಿಲ್ಲ. ಲೆಸ್ಟರಿನ ಸಂಬಂಧ ಮುರಿದದ್ದು, ಮಾತು ಬಿಟ್ಟದ್ದು, ಕೋಚ್ ಬುಕ್ ಮಾಡಿದ್ದು ಎಲ್ಲ ಹೇಳಿಬಿಟ್ಟಳು. ಶಕುಂತಲಾ ಅವರು ಪೂರ್ತಿ ಕೇಳಿಸಿಕೊಂಡರು.

"ಲೆಸ್ಟರಿನ ಆ ತಾಯಿ ನನಗೆ ಪರಿಚಯ. ಹಾರ್ಬೋರ್ನಿನಲ್ಲಿ ಸಂಬಂಧ ನೋಡೋದಾದ್ರೆ ನೀಲಮ್ಮನವರನ್ನ ಕೇಳು, ಇದ್ದದ್ದನ್ನ ಇದ್ದಹಾಗೆ ಹೇಳ್ತಾರೆ ಅಂತ ಹೇಳಿದ್ದೇ ಅವರು. ಅವರೊಬ್ಬರು ಇದ್ದಾರೆ ಅನ್ನೋ ಧೈರ್ಯದ ಮೇಲೆ ನಾನು ಬಂದದ್ದು. ನೀವು ಅವರನ್ನೇ ಬಚ್ಚಿಟ್ಟಿದೀರಿ."

ಶಕುಂತಲಾ ಅವರು ಮಗಳ ಕಡೆ ನೋಡಿದರು. "ಬ್ಲ್ಯಾಕ್‌ಪೂಲ್ ಅಂದ್ರೆ ವಾಪಸ್ ಹೋಗೋ ದಾರಿಗೆ ಸ್ವಲ್ಪ ಸುತ್ತು, ಅಷ್ಟೇ. ಏನಂತೀಯ?"

ಅಪೂರ್ವ ಅಷ್ಟು ಹೊತ್ತೂ ಮಾತಿಲ್ಲದೆ ಕಾರ್ಪೆಟ್ಟಿನ ಹೂವು ನೋಡುತ್ತ ಕೂತಿದ್ದವಳು, ತಟ್ಟನೆ ಎದ್ದು ಕೋಟು ಹಾಕಿಕೊಂಡಳಂತೆ. ಹೋಳಿಗೆ, ಬದನೆಕಾಯಿ ಭಜಿ, ಮಾದಲಿ ಎಲ್ಲವನ್ನೂ ಡಬ್ಬಿಗಳಿಗೆ ತುಂಬಿಕೊಂಡು ಎರಡು ಕಾರುಗಳು ಬ್ಲ್ಯಾಕ್‌ಪೂಲಿನ ಕಡೆ ಹೊರಟವು.

ಒಟ್ಟಿಗೆ ಹೊರಟ ಕಾರುಗಳಲ್ಲಿ ಶಕುಂತಲಾ ಅವರದು ಎರಡೂವರೆಗೆ ಬಂತು. ಸಮುದ್ರದ ದಂಡೆಯ ಉದ್ದನೆಯ ರಸ್ತೆಯಲ್ಲಿ ಇಬ್ಬರು ಸೀರೆಯ ಮುದುಕಿಯರನ್ನು ಹುಡುಕುವುದು ಕಷ್ಟವಾಗಲಿಲ್ಲ. ತಮ್ಮದೂ ಮಗಳದೂ ಪರಿಚಯ ಹೇಳಿಕೊಂಡು ನಮ್ಮ ಬೆಂಚಿನ ಮೇಲೆಯೇ ಕೂತು, ನೇರವಾಗಿ ವಿಷಯಕ್ಕೆ ಬಂದರು. "ಹೇಳಿ ನೀಲಮ್ಮನವರೇ, ಹುಡುಗ ಹೇಗೆ?"

"ಹುಡುಗನ ಮನಿಯವರೂ ಬರಲಿ ತಡೀರಿ. ಹಿಂದಿನಿಂದ ಹೇಳೂದಿಲ್ಲ."

"ವಿಚಾರಿಸೋದು ಅಂದ್ರೆ ಹಿಂದಿನಿಂದಾನೇ ಅಲ್ವಾ?"

"ಹೋದ ಸಲ ಫೋನಿನ್ಯಾಗ ಹಂಗ ಹೇಳಿದ್ನಿ. ಹೇಳಿದ್ದು ಖರೇ ಇತ್ತು, ಹೇಳಿದ ರೀತಿ ತಪ್ಪಿತ್ತು. ಎರಡು ವರ್ಷ ಆ ಹೆಣಮಗಳು ನನ್ನ ಕಂಡ್ರ ರಸ್ತೆ ದಾಟ್ಯಾಳ. ಖರೇ ಹೇಳತೀನಿ ಅನ್ನೂ ಸೊಕ್ಕು ನನಗೂ ಇತ್ತ್ರಿ."

ಐದು ವರ್ಷದ ಸ್ನೇಹದಲ್ಲಿ ಅವರು ತಮ್ಮ ಬಟ್ಟೆಯನ್ನೇ ತಿರುವಿ ಹಾಕಿ ತೋರಿಸಿದ್ದನ್ನು ನಾನು ನೋಡಿದ್ದು ಆವತ್ತೇ.

ಮೂರು ಗಂಟೆ ದಾಟಿದ ಮೇಲೆ ಶರಣನ ಕಾರು ಬಂತು. ಮೊದಲು ಇಳಿದ ಪ್ರಭಾವತಿ ಡಬ್ಬಿಗಳನ್ನು ಎದೆಗೆ ಅವುಚಿಕೊಂಡು ನೀಲಮ್ಮನವರ ಎದುರಿಗೆ ನಿಂತಳು. ಏನು ಹೇಳಬೇಕೋ ತಿಳಿಯದೆ, "ನೀಲಕ್ಕ, ನೀರು ಥಣ್ಣಗೈತೇನ್ರಿ?" ಎಂದಳು. ನೀಲಮ್ಮನವರೆದುರು ಅವಳಿಗೆ ತಾನಾಗಿ ತನ್ನ ಊರಿನ ಮಾತು ಬಂದಿತ್ತು.

"ಐತಿ. ಕುಂಡರು."

ಶಿವಪ್ಪನವರೂ ಉಳಿದವರೂ ಕೂತರು. ಕೂರಲು ಜಾಗ ಸಾಲದೆ ಶರಣ್ ನಿಂತೇ ಇದ್ದ, ಪರೀಕ್ಷೆಗೆ ಬಂದ ಹುಡುಗನ ಹಾಗೆ. ಸಮುದ್ರದ ಕಡೆಯಿಂದ ಗಾಳಿ ಬೀಸುತ್ತಿತ್ತು. ನೀಲಮ್ಮನವರು ಸೆರಗು ಬಿಗಿಮಾಡಿಕೊಂಡು ಶುರು ಮಾಡಿದರು.

"ಕೇಳ್ರಿ ಶಕುಂತಲಾ ಅವರ. ಇಂವ ಗಾಡಿ ಭಾಳ ಸಾವಕಾಶ ಹೊಡೀತಾನ."

"ಅದು ನೋಡಿದೆ" ಎಂದರು ಶಕುಂತಲಾ.

"ಅರ್ಧ ಕಪ್ಪು ಚಹಾ ಕುಡದು ಎಲ್ಲ್ಯರ ಇಟ್ಟು ಮರೀತಾನ. ಕಪಾಟಿನ ಮ್ಯಾಲೊಂದು, ಮೆಟ್ಟಲದ ಮ್ಯಾಲೊಂದು. ನೀವು ಇಡೀ ದಿನಾ ಕಪ್ಪು ಹುಡಕಬೇಕು. ಕೂದಲಾ ಉದರಾಕ ಹತ್ಯಾವು, ಅದಕ್ಕ ಟೊಪಗಿ ಹಾಕ್ಯಾನ."

ಶರಣ್ ಟೋಪಿ ಮುಟ್ಟಿ ನೋಡಿಕೊಂಡ. ಅಪೂರ್ವ ಬೇರೆ ಕಡೆ ಮುಖ ತಿರುಗಿಸಿ ನಗು ತಡೆದಳು.

"ಇವೆಲ್ಲಾ ಸಣ್ಣ ಮಾತು. ಇವನ ದೋಷ ಅಂದ್ರ ಒಂದ. ಇವಗ ಇಲ್ಲ ಅನ್ನಾಕ ಬರೂದಿಲ್ಲ. ಹೋದ ದೀಪಾವಳಿಗೆ ಮೂರು ಮನಿಯವರು ಒಂದ ರಾತ್ರಿ ಊಟಕ್ಕ ಕರದ್ರು. ಮೂರಕ್ಕೂ ಹೂಂ ಅಂದ, ಮೂರೂ ಕಡೆ ಉಂಡ. ಮರದಿನಾ ಎದ್ದಿಲ್ಲ. ನಮ್ಮ ಮನಿಯವರು ಹಾಸಿಗಿ ಹಿಡದಾಗ, ಇವತ್ತೊಂದಿನಾ ಕಸದ ಚೀಲ ಹೊರಗಿಡಪಾ ಅಂದಿದ್ನಿ. ಒಂದಿನಾ. ಅವರು ಹೋಗಿ ಮೂರು ವರ್ಷಾತು. ಇನ್ನೂ ಮಂಗಳವಾರಕ್ಕೊಮ್ಮೆ ಬಂದು ಇಡತಾನ. ಸಾಕಪಾ ಅಂತ ನಾನೂ ಹೇಳಿಲ್ಲ, ನನಗ ಅನುಕೂಲ ಐತಿ. ಇದನ್ನ ಗುಣ ಅಂತೀರೋ ದೋಷ ಅಂತೀರೋ ನಿಮಗ ಬಿಟ್ಟದ್ದು. ಒಂದ ಅರಿವಿ, ಒಂದ ಬಟ್ಟಿ ಅದು. ಈ ಕಡೆ ನೋಡಿದ್ರ ಹಂಗ, ಆ ಕಡೆ ನೋಡಿದ್ರ ಹಿಂಗ."

ಕೊನೆಗೆ ಪ್ರಭಾವತಿ, ಎರಡು ವರ್ಷ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ಕೇಳಿದಳು. "ಲೆಸ್ಟರಿನವರಿಗೆ ಏನ ಹೇಳಿದ್ರಿ ನೀಲಕ್ಕ?"

"ಈಗ ಕೇಳಿದಿ ನೋಡು. ಹುಡುಗ ಛಲೋ ಅದಾನ, ಆದ್ರ ಅಂವ ಹೂಂ ಅಂದದ್ದು ಅವರವ್ವಗ, ನಿಮ್ಮ ಮಗಳಿಗಲ್ಲ ಅಂದ್ನಿ. ಅಷ್ಟ."

ಪ್ರಭಾವತಿ ಮಗನ ಕಡೆ ತಿರುಗಿದಳು. "ಹೌದೇನೋ?"

"ಹೂಂ" ಅಂದ ಶರಣ್. ಆಗಲೂ ಅವನ ಬಾಯಿಂದ ಬಂದದ್ದು ಅದೇ.

"ಮತ್ತ ನನಗ್ಯಾಕ ಹೇಳ್ಲಿಲ್ಲ?"

"ನೀ ಭಾಳ ಖುಷಿ ಆಗಿದ್ದಿ ಅವಾಗ" ಎಂದು ಕನ್ನಡದಲ್ಲೇ ಹೇಳಿದ. ಪ್ರಭಾವತಿಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಡಬ್ಬಿಯನ್ನು ಗಂಡನ ಕೈಗೆ ಕೊಟ್ಟು ಕಣ್ಣು ಒರೆಸಿಕೊಂಡಳು. ಪ್ರೀತಿಯಿಂದ ಉಪ್ಪು ಸಾರು ನುಂಗುವವರು ನಮ್ಮ ಮನೆಯಲ್ಲಿ ಮಾತ್ರ ಇರಲಿಲ್ಲ ಎಂದು ನನಗೆ ಆಗ ಹೊಳೆಯಿತು.

ಶಕುಂತಲಾ ಅವರು ಬಿಡಲಿಲ್ಲ. "ಸರಿ, ಈಗ? ಈ ಸಲ ಹೂಂ ಅಂತಿರೋದು ಅಮ್ಮನಿಗಾ, ನನ್ನ ಮಗಳಿಗಾ?"

"ಅದು ನನಗ ಗೊತ್ತಿಲ್ರಿ. ಗೊತ್ತಿಲ್ಲದ್ದು ಹೇಳೂದಿಲ್ಲ. ಅವನ್ನ ಕೇಳ್ರಿ. ಅವರವ್ವನ ಮುಂದ ಬ್ಯಾಡ, ನಿಮ್ಮ ಮುಂದ ಮೊದಲ ಬ್ಯಾಡ."

ಅಪೂರ್ವ ಎದ್ದಳು. ಇಂಗ್ಲಿಷಿನಲ್ಲಿ ಶರಣನಿಗೆ ಏನೋ ಹೇಳಿ ಆಟದ ಯಂತ್ರಗಳ ಕಡೆ ನಡೆದಳು. ಅವನು ಅಮ್ಮನ ಮುಖ ನೋಡಿದ. ನೀಲಮ್ಮನವರು, "ಈ ಕಡೆ ಏನ ನೋಡತಿ, ಆ ಕಡೆ ಹೋಗು" ಎಂದರು. ಹೋದ.

ನಾವು ಐದು ಜನ ಉಳಿದೆವು. ನಾಲ್ಕು ಗಂಟೆಯಾಯಿತು. ಪ್ರಭಾವತಿ ಕೂತಳು, ಎದ್ದಳು, ಮತ್ತೆ ಕೂತಳು. ಈ ಸಲ ಮುರಿದರೆ ಅದು ಅವನ ಬಾಯಿಂದಲೇ ಮುರಿಯಬೇಕಲ್ಲ ಎಂಬುದು ಅವಳ ಮುಖದಲ್ಲಿ ಕಾಣುತ್ತಿತ್ತು. ಶಿವಪ್ಪನವರು ನಿಧಾನವಾಗಿ ಡಬ್ಬಿ ಬಿಚ್ಚಿ ಭಜಿ ಎತ್ತಿ ಬಾಯಿಯ ಹತ್ತಿರ ಒಯ್ದರು. ಮೇಲಿಂದ ಒಂದು ಕಡಲಹಕ್ಕಿ ಬಂದು ಅವರ ಬೆರಳಿನ ಸಂದಿನಿಂದ ಅದನ್ನು ಕಿತ್ತುಕೊಂಡು ಹೋಯಿತು.

"ಹಕ್ಕಿ ಹೂಂ ಅಂತು ನೋಡ್ರಿ" ಎಂದರು ಶಿವಪ್ಪನವರು.

ಶಕುಂತಲಾ ಅ‌ವರು ಮೊದಲು ನಕ್ಕರು. ಬಿಗಿದುಕೊಂಡು ಕೂತಿದ್ದ ನಮಗೆಲ್ಲ ಒಟ್ಟಿಗೆ ನಗು ಬಂತು. ಉಳಿದ ಭಜಿಗೆ ಸೆರಗು ಮುಚ್ಚಿ, ಎಲ್ಲರೂ ಹಂಚಿಕೊಂಡು ತಿಂದೆವು. ಹೆಣ್ಣು ತೋರಿಸುವ ಶಾಸ್ತ್ರದ ತಿಂಡಿಯನ್ನು ಹೆಣ್ಣೂ ಗಂಡೂ ಇಲ್ಲದೆ ತಿಂದವರು ನಾವೇ ಇರಬೇಕು.

ನಮ್ಮ ಕೋಚು ಐದಕ್ಕೆ. ಕಾಲು ಗಂಟೆ ಇದೆ ಎನ್ನುವಾಗ ಇಬ್ಬರೂ ಬರುವುದು ಕಂಡಿತು. ಅಪೂರ್ವ ಕೈ ಬೀಸಿ ಬೀಸಿ ಮಾತಾಡುತ್ತಿದ್ದಳು. ಅವನ ಟೋಪಿ ಅವಳ ತಲೆಯ ಮೇಲಿತ್ತು.

"ಮಮ್ಮಿ, ಹೀ ಸೆಡ್ ನೋ" ಎಂದಳು ಬಂದವಳೇ.

ಪ್ರಭಾವತಿಯ ಬಣ್ಣ ಇಳಿದುಹೋಯಿತು. ಶಕುಂತಲಾ ಅವರು ಎದ್ದು ನಿಂತರು. ಆ ಹುಡುಗಿಗೆ ನಮ್ಮ ಮುಖ ನೋಡಿ ಗೊತ್ತಾಗಿರಬೇಕು, ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ಗಡಿಬಿಡಿಯಿಂದ ಬಿಡಿಸಿ ಹೇಳಿದಳು. ಅಲ್ಲಿ ಆಕಾಶಕ್ಕೆ ಏರಿ ಬೀಳುವ ದೊಡ್ಡ ರೈಲಿನಾಟ ಇದೆ. ಹತ್ತೋಣ ಬಾ ಎಂದಳಂತೆ. ಅವನು ಕೆಳಗಿನ ಕಂಬಗಳನ್ನೂ ಬೋಲ್ಟುಗಳನ್ನೂ ಒಂದೊಂದಾಗಿ ನೋಡಿ, ಇಲ್ಲ, ನನಗೆ ಹೆದರಿಕೆ ಎಂದನಂತೆ. ಮೂರು ಸಲ ಕೇಳಿದಳಂತೆ. ಮೂರು ಸಲವೂ ಇಲ್ಲವೆಂದ. ಇವಳೊಬ್ಬಳೇ ಹೋಗಿ ಹತ್ತಿ ಬಂದಳು. ಅವನು ಕೆಳಗೆ ಅವಳ ಚೀಲ ಹಿಡಿದು ಕಾದಿದ್ದ.

"ನನ್ನ ಮಗ ಇಲ್ಲ ಅಂದ್ನಾ?" ಎಂದಳು ಪ್ರಭಾವತಿ, ನಂಬದೆ.

"ಮೂರು ಸಲ, ಆಂಟಿ."

"ಮತ್ತೆ ಆ ಇನ್ನೊಂದು ಪ್ರಶ್ನೆ?" ಎಂದು ಶಕುಂತಲಾ ಅವರು ಕೇಳಿದರು.

ಅಪೂರ್ವ ಟೋಪಿಯನ್ನು ಅವನಿಗೆ ವಾಪಸು ಕೊಟ್ಟಳು. "ಬೆಳಿಗ್ಗೆ ಮನೇಲಿ ಕೂತಿದ್ದು ಅಮ್ಮನಿಗೋಸ್ಕರ ಅಂತೆ. ಬ್ಲ್ಯಾಕ್‌ಪೂಲ್ ತನಕ ಡ್ರೈವ್ ಮಾಡಿದ್ದು ನನಗೋಸ್ಕರ ಅಂತೆ. ಮುಂದಿನ ಶನಿವಾರ ಲೀಡ್ಸಿಗೆ ಬರ್ತಿದಾರೆ. ಒಬ್ಬರೇ. ಅಮ್ಮಂದಿರಿಗೆ ಎಂಟ್ರಿ ಇಲ್ಲ."

ಪ್ರಭಾವತಿ ನೀಲಮ್ಮನವರ ಕೈ ಹಿಡಿದುಕೊಂಡಳು. "ನೀಲಕ್ಕ, ಇದು ಆಗತೈತೇನ್ರಿ?"

"ಗೊತ್ತಿಲ್ಲ ಅಂದ್ನೆಲ್ಲ. ಆದ್ರ ಇವತ್ತ ಅವನ ಹೂಂ ನಂಬಬಹುದು. ಇಲ್ಲ ಅನ್ನಾಕ ಕಲ್ತಾನಲ್ಲ."

ಆಯಿತು. ಮರುವರ್ಷ ಏಪ್ರಿಲ್ಲಿನಲ್ಲಿ ಲೀಡ್ಸಿನಲ್ಲಿ ಮದುವೆ. ಧಾರೆಗೆ ಉಡುವ ಸೀರೆಯನ್ನು ಪ್ರಭಾವತಿ ತಾನಾಗಿ ತಂದು ನೀಲಮ್ಮನವರ ಮುಂದೆ ಹರಡಿ ಒಪ್ಪುತ್ತದೆಯೇ ಎಂದು ಕೇಳಿದಳು. ಇಲ್ಲ ಎಂದರು. ಅಂಗಡಿಗೆ ಹಿಂದಿರುಗಿಸಿ ಬೇರೆ ತಂದಳು. ಈಗ ನಮ್ಮ ಹೆಂಗಸರಲ್ಲಿ ಕೆಲವರು ಚರ್ಚಿನ ಹಾಲಿಗೆ ಪಾತ್ರೆ ತರುವ ಮೊದಲೇ ಒಂದು ಚಮಚ ಅವರಿಗೆ ರುಚಿ ತೋರಿಸಲು ಹೋಗುತ್ತಾರೆ. ಕೇಳುವುದಕ್ಕೂ ಧೈರ್ಯ ಬೇಕು. ಅದು ಹೇಳುವುದಕ್ಕಿಂತ ಕಡಿಮೆ ಧೈರ್ಯವೇನಲ್ಲ.

ಆ ಸಂಜೆ ಬ್ಲ್ಯಾಕ್‌ಪೂಲಿನಲ್ಲಿ ಶರಣ್, ಇಬ್ಬರೂ ನಮ್ಮ ಕಾರಿನಲ್ಲೇ ಬನ್ನಿ ಎಂದು ಕರೆದ. ನೀಲಮ್ಮನವರು ಒಪ್ಪಲಿಲ್ಲ. "ನೀ ಹೋಗಪಾ. ನಿನ್ನ ಗಾಡ್ಯಾಗ ಕುಂತ್ರ ಮಂಗಳವಾರ ಮುಟ್ಟತೇವಿ, ಕಸದ ಚೀಲ ಇಡೂ ಹೊತ್ತಿಗೆ." ಅವರ ಕಾರು ಮುಂದೆ ಹೊರಟಿತು. ನಾವು ಕೋಚು ಹತ್ತಿದೆವು. ಮುದುಕ ಮುದುಕಿಯರು ಹಾಡು ಹೇಳುತ್ತಿದ್ದರು. ನೀಲಮ್ಮನವರ ಸೀರೆಯ ಅಂಚು ಇನ್ನೂ ಒದ್ದೆಯಾಗಿತ್ತು, ಮರಳು ಅಂಟಿತ್ತು. ಬೆಳಗಿನಿಂದ ಮನಸ್ಸಿನಲ್ಲಿದ್ದದ್ದನ್ನು ನಾನೂ ಕೇಳಿದೆ.

"ನಾನು ನಿಮಗೆ ಸುಳ್ಳು ಹೇಳಿದ್ದು ತಪ್ಪಾಯ್ತಲ್ವಾ?"

"ಆತ್ರಿ."

ಸೀರೆಯ ಅಂಚಿನ ಮರಳು ಕೊಡವಿಕೊಂಡರು.

"ಮುಂದಿನ ವರ್ಷಾನೂ ಒಂದು ಹೇಳ್ರಿ. ಸಮುದ್ರ ಛಲೋ ಐತಿ."

ಸ್ಟ್ಯಾಫರ್ಡ್ ಹತ್ತಿರ ಬಂದಾಗ ಅವರು ನನ್ನ ಮೊಣಕೈ ತಿವಿದು ಕೆಳಗೆ ತೋರಿಸಿದರು. ಎಡಗಡೆಯ ಸಾಲಿನಲ್ಲಿ, ಲಾರಿಗಳ ನಡುವೆ, ಶರಣನ ಕಾರು ಹೋಗುತ್ತಿತ್ತು. ನಮ್ಮ ಕೋಚು ಅದನ್ನು ದಾಟತೊಡಗಿತು. ಹಿಂದಿನ ಸೀಟಿನಲ್ಲಿದ್ದ ಪ್ರಭಾವತಿ ತಲೆ ಎತ್ತಿ ನೋಡಿ, ನೀಲಮ್ಮನವರನ್ನು ಗುರುತು ಹಿಡಿದು, ಗಾಜಿಗೆ ಅಂಗೈ ಒತ್ತಿ ನಕ್ಕಳು. ನೀಲಮ್ಮನವರು ಕೈ ಬೀಸಿದರು. ಏನು ಎತ್ತ ಎಂದು ತಿಳಿಯದಿದ್ದರೂ ಕೋಚಿನ ಆ ಬದಿಯಲ್ಲಿದ್ದ ಮುದುಕರೆಲ್ಲ ಕೈ ಬೀಸಿದರು. ಶಿವಪ್ಪನವರು ಒಂದು ಹೋಳಿಗೆ ಎತ್ತಿ ತೋರಿಸಿದರು. ಶರಣ್ ಮಾತ್ರ ಎರಡು ಕೈಯಲ್ಲಿ ಸ್ಟೇರಿಂಗ್ ಹಿಡಿದು, ತನ್ನಷ್ಟಕ್ಕೆ ನಗುತ್ತ, ರಸ್ತೆ ಬಿಟ್ಟು ಕಣ್ಣು ಎತ್ತಲಿಲ್ಲ.